ನೆಲಕ್ಕಿಳಿದ ಪೆಡಲು: ದೆಹಲಿಯ ಕ್ಲಚ್ ದುರಸ್ತಿಯ ಚರಿತ್ರೆ

ಎಂಜಿನಿಗೂ ಗೇರ್‌ಬಾಕ್ಸಿಗೂ ನಡುವೆ ಕುಳಿತು, ಚಾಲಕನ ಎಡಗಾಲಿನ ಒತ್ತಿಗೆ ಅವೆರಡರ ಸಂಬಂಧವನ್ನು ಬಿಡಿಸಿ, ಕಾಲು ಸಡಿಲಿಸಿದೊಡನೆ ಮತ್ತೆ ಕೂಡಿಸುವ ಸಾಧನವೇ ಕ್ಲಚ್. ಕಾಲಿನ ಒತ್ತನ್ನು ಪೆಡಲಿನಿಂದ ಕ್ಲಚ್ಚಿನವರೆಗೆ ಮುಟ್ಟಿಸುವುದಕ್ಕೆ ಮೋಟಾರು ಉದ್ಯಮವು ಮುಖ್ಯವಾಗಿ ಮೂರು ದಾರಿಗಳನ್ನು ಬಳಸಿದೆ: ಕಬ್ಬಿಣದ ಸರಳು ಮತ್ತು ಸನ್ನೆಗಳ ಜೋಡಣೆ, ಉಕ್ಕಿನ ಎಳೆಗಳ ಕೇಬಲ್, ಮತ್ತು ಕೊಳವೆಯೊಳಗೆ ಬಂಧಿಸಿಟ್ಟ ದ್ರವ. ಸರಳು ಬಾಗಿದರೆ, ಕೇಬಲ್ ಹರಿದರೆ ಕಣ್ಣಿಗೆ ಕಾಣುತ್ತದೆ. ದ್ರವದ ದಾರಿ ಕೆಟ್ಟರೆ ಹೊರಗಿನಿಂದ ಬಹಳಷ್ಟು ಸಲ ಏನೂ ಕಾಣುವುದಿಲ್ಲ, ಪೆಡಲು ಮಾತ್ರ ನೆಲಕ್ಕೆ ಹತ್ತಿಕೊಂಡು ಗೇರು ಬೀಳದೆ ನಿಲ್ಲುತ್ತದೆ. ಈ ಕಾಣದ ದೋಷವನ್ನು ಕೈಯಿಂದಲೂ ಕಿವಿಯಿಂದಲೂ ಪತ್ತೆಹಚ್ಚಿ ಸರಿಪಡಿಸುವ ಒಂದು ಕಸುಬು ದೆಹಲಿ ಮತ್ತು ಅದರ ಸುತ್ತಲ ಪಟ್ಟಣಗಳಲ್ಲಿ ಅರ್ಧ ಶತಮಾನಕ್ಕೂ ಹೆಚ್ಚು ಕಾಲ ಬೆಳೆದು ನಿಂತಿತ್ತು; ಕಾರುಗಳ ಬಗ್ಗೆ ಬರೆದವರು ಬಹಳ, ಆ ಕಸುಬಿನ ಬಗ್ಗೆ ಬರೆದವರು ಕಡಿಮೆ.

ದ್ರವವನ್ನು ಕೆಲಸಕ್ಕೆ ಹಚ್ಚುವ ತತ್ವ ಹಳೆಯದು. ಮುಚ್ಚಿದ ದ್ರವದ ಒಂದೆಡೆ ಒತ್ತಡ ಹಾಕಿದರೆ ಅದು ಎಲ್ಲ ದಿಕ್ಕಿಗೂ ಸಮನಾಗಿ ಹರಡುತ್ತದೆಂದು ಫ್ರಾನ್ಸಿನ ಬ್ಲೇಸ್ ಪಾಸ್ಕಲ್ 17ನೆಯ ಶತಮಾನದಲ್ಲಿ ತೋರಿಸಿದ್ದನು. ಅದೇ ತತ್ವದ ಮೇಲೆ ಇಂಗ್ಲೆಂಡಿನ ಜೋಸೆಫ್ ಬ್ರಾಮಾ 1795ರಲ್ಲಿ ಹೈಡ್ರಾಲಿಕ್ ಪ್ರೆಸ್ಸಿಗೆ ಪೇಟೆಂಟ್ ಪಡೆದನು. ಮೋಟಾರು ವಾಹನಕ್ಕೆ ಇದು ಬಂದದ್ದು ಅಮೆರಿಕದ ಮಾಲ್ಕಮ್ ಲಾಕ್‌ಹೀಡ್‌ನ ಬ್ರೇಕಿನ ಮೂಲಕ, 20ನೆಯ ಶತಮಾನದ ಎರಡನೆಯ ದಶಕದಲ್ಲಿ. ಬ್ರೇಕಿನಲ್ಲಿ ನಂಬಿಕೆ ಗಳಿಸಿದ ಮೇಲೆ ಅದೇ ಏರ್ಪಾಡು ಕ್ಲಚ್ಚಿಗೂ ಇಳಿಯಿತು. ಪೆಡಲಿನ ಬದಿಯ ಪಂಪಿಗೆ ಮಾಸ್ಟರ್ ಸಿಲಿಂಡರ್ ಎಂದೂ, ಗೇರ್‌ಬಾಕ್ಸಿನ ಬದಿಯಲ್ಲಿ ಆ ಒತ್ತಡಕ್ಕೆ ಮಣಿದು ಕ್ಲಚ್ಚಿನ ಕವೆಯನ್ನು ತಳ್ಳುವ ಭಾಗಕ್ಕೆ ಸ್ಲೇವ್ ಸಿಲಿಂಡರ್ ಎಂದೂ ಹೆಸರಾಯಿತು. ಸ್ಲೇವ್ ಸಿಲಿಂಡರಿನ ಕೊರೆತವನ್ನು ಅಗಲವಾಗಿಟ್ಟಷ್ಟೂ ಕಾಲಿಗೆ ಭಾರ ಕಡಿಮೆ, ಆದರೆ ಅದರ ಸರಳು ಚಲಿಸುವ ದೂರವೂ ಅಷ್ಟೇ ಕಡಿಮೆ. ಹಳೆಯ ಕಾರುಗಳಲ್ಲಿ ಆ ಚಲನೆ ಅರ್ಧ ಅಂಗುಲದ ಆಸುಪಾಸಿನದು, ಆದ್ದರಿಂದ ಕೊಳವೆಯೊಳಗೆ ಒಂದು ಗುಳ್ಳೆ ಗಾಳಿ ಸೇರಿದರೂ ಆ ಅರ್ಧ ಅಂಗುಲದಲ್ಲಿ ಗಣನೀಯ ಭಾಗ ಕಳೆದುಹೋಗಿ ಕ್ಲಚ್ ಪೂರ್ತಿ ಬಿಡಿಸಿಕೊಳ್ಳುವುದಿಲ್ಲ.

ಕೊಳವೆಯೊಳಗಿನ ದ್ರವಕ್ಕೆ ದೆಹಲಿಯಲ್ಲೂ ಬೆಂಗಳೂರಿನಲ್ಲೂ ಬ್ರೇಕ್ ಆಯಿಲ್ ಎಂಬ ಹೆಸರೇ ರೂಢಿಯಲ್ಲಿದೆ. ಆರಂಭದ ದಶಕಗಳಲ್ಲಿ ಆ ಹೆಸರು ಅಕ್ಷರಶಃ ಸಲ್ಲುತ್ತಿತ್ತು, ಏಕೆಂದರೆ ಆಗ ಬಳಸುತ್ತಿದ್ದುದು ಹರಳೆಣ್ಣೆಗೆ ಮದ್ಯಸಾರ ಬೆರೆಸಿದ ಮಿಶ್ರಣವನ್ನು. ನೆಲದಿಂದ ತೆಗೆದ ಖನಿಜ ತೈಲಗಳು ನೈಸರ್ಗಿಕ ರಬ್ಬರನ್ನು ಉಬ್ಬಿಸಿ ಹಾಳುಮಾಡುತ್ತಿದ್ದವು, ಹರಳೆಣ್ಣೆ ಹಾಗೆ ಮಾಡುತ್ತಿರಲಿಲ್ಲ. ಆಮೇಲೆ ಬಂದ ಗ್ಲೈಕಾಲ್ ಮೂಲದ ದ್ರವ ಎಣ್ಣೆಯ ಜಾತಿಯದೇ ಅಲ್ಲ, ಆದರೂ ಹೆಸರು ಉಳಿಯಿತು, ಹೆಸರಿನ ಜೊತೆಗೆ ಒಂದು ಅಪಾಯವೂ ಉಳಿಯಿತು. ಎಣ್ಣೆಯೆಂದು ನಂಬಿ ದ್ರವದ ಡಬ್ಬಿಗೆ ಎಂಜಿನ್ ಆಯಿಲ್ ಸುರಿದ ಚಾಲಕನ ಕಾರಿನಲ್ಲಿ ಮಾಸ್ಟರಿನಿಂದ ಸ್ಲೇವಿನವರೆಗೆ ಇರುವ ಪ್ರತಿಯೊಂದು ರಬ್ಬರೂ ಊದಿಕೊಂಡು ಬದಲಾಯಿಸಬೇಕಾದ ಸ್ಥಿತಿ ಬರುತ್ತದೆ. ಗ್ಲೈಕಾಲಿಗೆ ಇನ್ನೊಂದು ಗುಣವಿದೆ, ಅದು ಗಾಳಿಯ ತೇವವನ್ನು ಹೀರುತ್ತದೆ. ಡಾಟ್ 3 ಎಂಬ ದರ್ಜೆಯ ಹೊಸ ದ್ರವ ಕನಿಷ್ಠ 205 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯದೆ ಇರಬೇಕೆಂಬುದು ನಿಯಮ, ನೀರು ಹೀರಿದ ದ್ರವಕ್ಕೆ ಅದೇ ನಿಯಮ 140 ಡಿಗ್ರಿಗೆ ಇಳಿಯುತ್ತದೆ. ಕ್ಲಚ್ಚಿನಲ್ಲಿ ಕುದಿಯುವ ಭಯ ಅಷ್ಟಿಲ್ಲ. ಅಲ್ಲಿ ನೀರು ಮಾಡುವ ಕೆಡುಕು ಎರಕದ ಕಬ್ಬಿಣದ ಸಿಲಿಂಡರಿನ ಒಳಮೈಗೆ ತುಕ್ಕು ಹಿಡಿಸಿ ಸಾಸಿವೆಯಷ್ಟು ಚಿಕ್ಕ ಗುಂಡಿಗಳನ್ನು ಮಾಡುವುದು. ದೆಹಲಿಯ ಮಳೆಗಾಲದಲ್ಲಿ ಎರಡು ತಿಂಗಳು ಮರದಡಿ ನಿಂತ ಕಾರಿನ ಪೆಡಲು ದಸರೆಯ ಹೊತ್ತಿಗೆ ನೆಲಕ್ಕಿಳಿಯುವುದರ ಹಿಂದೆ ಹಲವು ಸಲ ಈ ಗುಂಡಿಗಳೇ ಇರುತ್ತವೆ.

ಈ ಯಂತ್ರಭಾಗಗಳಿಗೆ ದೆಹಲಿಯಲ್ಲಿ ಮನೆಯಾದದ್ದು ಕಾಶ್ಮೀರಿ ಗೇಟ್. ಶಹಜಹಾನನ ಕೋಟೆಗೋಡೆಯ ಉತ್ತರದ ಈ ಬಾಗಿಲನ್ನು ಈಗ ಕಾಣುವ ರೂಪದಲ್ಲಿ 1835ರಲ್ಲಿ ಕಟ್ಟಿಸಿದವನು ಈಸ್ಟ್ ಇಂಡಿಯಾ ಕಂಪನಿಯ ಸೈನಿಕ ಎಂಜಿನಿಯರ್ ರಾಬರ್ಟ್ ಸ್ಮಿತ್. 1857ರ ಸೆಪ್ಟೆಂಬರ್ 14ರಂದು ಬ್ರಿಟಿಷ್ ಪಡೆ ನಗರಕ್ಕೆ ನುಗ್ಗಿದ್ದು ಇದೇ ಬಾಗಿಲನ್ನು ಸ್ಫೋಟಿಸಿ. ಆ ದಾಳಿಯಲ್ಲಿ ಗಾಯಗೊಂಡು ಸತ್ತ ಜಾನ್ ನಿಕಲ್ಸನ್ನನ ಹೆಸರಿನ ರಸ್ತೆಯ ಆಸುಪಾಸಿನಲ್ಲಿಯೇ ಇಂದು ಕ್ಲಚ್ ಪ್ಲೇಟುಗಳು ಮಾರಾಟವಾಗುತ್ತವೆ. ಸಮೀಪದ ಸಿವಿಲ್ ಲೈನ್ಸಿನಲ್ಲಿ ಅಧಿಕಾರಿಗಳು ವಾಸವಾಗಿದ್ದುದರಿಂದ ಕಾಶ್ಮೀರಿ ಗೇಟ್ ಬಹುಕಾಲ ಯುರೋಪಿಯನ್ನರ ಅಂಗಡಿಬೀದಿಯಾಗಿತ್ತು. 1930ರ ದಶಕದಲ್ಲಿ ಕನಾಟ್ ಪ್ಲೇಸ್ ಎದ್ದ ಮೇಲೆ ಆ ವ್ಯಾಪಾರ ಹೊಸ ದೆಹಲಿಗೆ ಸರಿಯಿತು, ಹಳೆಯ ಬೀದಿಯಲ್ಲಿ ಜಾಗ ತೆರವಾಯಿತು. ಆ ಬಳಿಕ ಬಂದದ್ದು ದೇಶವಿಭಜನೆ. 1941ರ ಜನಗಣತಿಯಲ್ಲಿ ಸುಮಾರು 9.18 ಲಕ್ಷವಿದ್ದ ದೆಹಲಿಯ ಜನಸಂಖ್ಯೆ 1951ರಲ್ಲಿ 17.44 ಲಕ್ಷಕ್ಕೆ ಏರಿತು, ಆ ಏರಿಕೆಯ ದೊಡ್ಡ ಪಾಲು ಪಶ್ಚಿಮ ಪಂಜಾಬಿನಿಂದ ಎಲ್ಲವನ್ನೂ ಬಿಟ್ಟು ಬಂದವರದು. ಲಾರಿ, ಬಸ್ಸು, ಟ್ಯಾಕ್ಸಿಗಳ ಕಸುಬು ಬಲ್ಲವರು ಅವರಲ್ಲಿ ಅನೇಕರಿದ್ದರು. ಹೆಚ್ಚು ಬಂಡವಾಳವಿಲ್ಲದೆ ಹಿಡಿಯಬಹುದಾದ ಉದ್ಯೋಗಗಳಲ್ಲಿ ಮೋಟಾರಿನ ಬಿಡಿಭಾಗಗಳ ವ್ಯಾಪಾರ ಒಂದಾಗಿತ್ತು. ಕಾಶ್ಮೀರಿ ಗೇಟಿನಿಂದ ಹ್ಯಾಮಿಲ್ಟನ್ ರಸ್ತೆಗೂ ಮೋರಿ ಗೇಟಿಗೂ ಹಬ್ಬಿದ ಆ ಮಾರುಕಟ್ಟೆ ಉತ್ತರ ಭಾರತಕ್ಕೆಲ್ಲ ಬಿಡಿಭಾಗ ಕಳಿಸುವ ಕೇಂದ್ರವಾಯಿತು. ಬೆಂಗಳೂರಿನ ಜೆ.ಸಿ. ರಸ್ತೆಯನ್ನು ಕಂಡವರು ಅದರ ಹಲವು ಪಟ್ಟು ದೊಡ್ಡದಾದ, ಇಕ್ಕಟ್ಟಾದ ಅಂಗಡಿಗಳಿಂದ ತುಂಬಿದ ಇನ್ನೊಂದು ಜೆ.ಸಿ. ರಸ್ತೆಯನ್ನು ಊಹಿಸಿಕೊಂಡರೆ ಸಾಕು.

ಇಲ್ಲಿ ಗಮನಿಸಬೇಕಾದ ಸಂಗತಿಯೊಂದಿದೆ. 1941ರಲ್ಲಿ ಆರಂಭವಾದ ಡೆಲ್ಲಿ ಪಾಲಿಟೆಕ್ನಿಕ್, ಮುಂದೆ ದೆಹಲಿ ಎಂಜಿನಿಯರಿಂಗ್ ಕಾಲೇಜಾಗಿ ಬೆಳೆದು 1996ರಲ್ಲಿ ಬವಾನಾ ರಸ್ತೆಗೆ ಸ್ಥಳಾಂತರವಾಗುವವರೆಗೆ, ಇದೇ ಕಾಶ್ಮೀರಿ ಗೇಟಿನಲ್ಲಿತ್ತು. ಪಾಸ್ಕಲ್‌ನ ನಿಯಮವನ್ನು ಕರಿಹಲಗೆಯ ಮೇಲೆ ಕಲಿಸುವ ತರಗತಿಯೂ ಅದೇ ನಿಯಮ ಕೈಕೊಟ್ಟ ಕಾರನ್ನು ನೆಲದ ಮೇಲೆ ಮಲಗಿ ಸರಿಪಡಿಸುವ ಮಿಸ್ತ್ರಿಯೂ ಅರ್ಧ ಶತಮಾನ ಕೂಗಳತೆಯಲ್ಲಿ ಇದ್ದರು. ಮಿಸ್ತ್ರಿಯ ವಿದ್ಯೆ ನಡೆದುಬಂದದ್ದು ಉಸ್ತಾದ್–ಶಾಗಿರ್ದ್ ಪರಂಪರೆಯಲ್ಲಿ, ಅಂದರೆ ಗುರುವಿನ ಬಳಿ ಹುಡುಗನಾಗಿ ಸೇರಿ ಮೊದಲ ವರ್ಷ ಬಿಡಿಭಾಗ ತೊಳೆಯುತ್ತ, ಸಲಕರಣೆ ಎತ್ತಿಕೊಡುತ್ತ, ನೋಡಿ ಕಲಿಯುವ ಕ್ರಮದಲ್ಲಿ. ಬಡತನದಿಂದ ಶಾಲೆ ಬಿಟ್ಟ ಮಕ್ಕಳ ದುಡಿಮೆ ಆ ಕ್ರಮದ ಅಡಿಪಾಯವಾಗಿತ್ತೆಂಬುದನ್ನು ಮರೆಯುವಂತಿಲ್ಲ. ಆ ಮಕ್ಕಳು ಕಲಿತ ವಿದ್ಯೆ ಉನ್ನತ ಮಟ್ಟದ್ದಾಗಿತ್ತೆಂಬುದನ್ನೂ ಮರೆಯುವಂತಿಲ್ಲ.

ದುರಸ್ತಿಗೆ ಇಷ್ಟು ಮಹತ್ವ ಬಂದದ್ದಕ್ಕೆ ಸರ್ಕಾರದ ನೀತಿಯೂ ಕಾರಣ. 1953ರಲ್ಲಿ ಸುಂಕ ಆಯೋಗದ ಶಿಫಾರಸಿನಂತೆ, ದೇಶದೊಳಗೆ ಹಂತಹಂತವಾಗಿ ತಯಾರಿಕೆ ನಡೆಸುವ ಯೋಜನೆಯುಳ್ಳ ಸಂಸ್ಥೆಗಳಿಗೆ ಮಾತ್ರ ಅವಕಾಶವೆಂದು ತೀರ್ಮಾನವಾದಾಗ, ಬಿಡಿಭಾಗ ತರಿಸಿ ಜೋಡಿಸಿ ಮಾರುತ್ತಿದ್ದ ಜನರಲ್ ಮೋಟಾರ್ಸ್ ಮತ್ತು ಫೋರ್ಡ್ ಭಾರತದಿಂದ ಹೊರಟವು. ಅವುಗಳ ಕಾರುಗಳು ಇಲ್ಲಿಯೇ ಉಳಿದವು, ಬಿಡಿಭಾಗ ಬರುವುದು ನಿಂತಿತು. ಹೊಸ ಕಾರಿಗೆ ಹೆಸರು ಬರೆಸಿ ವರ್ಷಗಟ್ಟಲೆ ಕಾಯಬೇಕಾದ ಆ ಕಾಲದಲ್ಲಿ ಇದ್ದ ಕಾರನ್ನು ಓಡುವಂತೆ ಇಡುವುದು ಅನಿವಾರ್ಯವಾಯಿತು. ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಮೂರನೆಯ ಸರಣಿಯ ಕಾರನ್ನು ಆಧರಿಸಿ ಹಿಂದೂಸ್ತಾನ್ ಮೋಟಾರ್ಸ್ ಕಲ್ಕತ್ತೆಯ ಬಳಿಯ ಉತ್ತರಪಾರಾದಲ್ಲಿ 1950ರ ದಶಕದ ಕೊನೆಯಿಂದ 2014ರವರೆಗೆ ತಯಾರಿಸಿದ ಅಂಬಾಸಿಡರ್, ದೆಹಲಿಯ ಮಂತ್ರಿಗಳ ಬಿಳಿಯ ಕಾರೂ ಆಯಿತು, ಕರಿ–ಹಳದಿ ಟ್ಯಾಕ್ಸಿಯೂ ಆಯಿತು. ಅದರ ಕ್ಲಚ್ಚು ಹೈಡ್ರಾಲಿಕ್. ಒಂದೇ ಮಾದರಿಯ ಕಾರು ದಶಕಗಳ ಕಾಲ ಹೆಚ್ಚು ಬದಲಾಗದೆ ಬಂದದ್ದನ್ನು ಉದ್ಯಮದ ಜಡತೆಯೆಂದು ಟೀಕಿಸುವುದು ವಾಡಿಕೆ, ಆ ಟೀಕೆ ನ್ಯಾಯವಾದದ್ದೇ. ಆದರೆ ಮಿಸ್ತ್ರಿಯ ಮಟ್ಟಿಗೆ ಅದರಿಂದ ಒಂದು ಲಾಭವಾಯಿತು. ಅಪ್ಪ ಬಿಚ್ಚಿದ ಸಿಲಿಂಡರನ್ನೇ ಮಗನೂ ಬಿಚ್ಚಿದನು, ಒಂದೇ ವಸ್ತುವಿನ ಮೇಲೆ ಎರಡು ತಲೆಮಾರಿನ ಅನುಭವ ಕೂಡಿ, ಕೈಪಿಡಿಯಲ್ಲಿ ಇಲ್ಲದ ತಿಳಿವಳಿಕೆ ಬೆಳೆಯಿತು.

ಆ ತಿಳಿವಳಿಕೆಯ ತಿರುಳು ಪತ್ತೆಯ ಕ್ರಮದಲ್ಲಿದೆ. ಪೆಡಲು ಇಳಿದ ಕಾರು ಬಂದಾಗ ಒಳ್ಳೆಯ ಮಿಸ್ತ್ರಿ ಮೊದಲು ದ್ರವದ ಡಬ್ಬಿಯ ಮುಚ್ಚಳ ತೆಗೆದು ಮಟ್ಟ ನೋಡುತ್ತಾನೆ. ಮಟ್ಟ ಇಳಿದಿದ್ದರೆ ದ್ರವ ಎಲ್ಲಿಂದಲೋ ಹೊರಗೆ ಹೋಗಿದೆ ಎಂದರ್ಥ, ಹೋಗಿರಬಹುದಾದ ಜಾಗಗಳೂ ಕೆಲವೇ. ಮಾಸ್ಟರಿನ ಹಿಂಬದಿಯಿಂದ ಸೋರಿದರೆ ಪೆಡಲಿನ ಸರಳೂ ಅದರ ಕೆಳಗಿನ ಮ್ಯಾಟೂ ಒದ್ದೆಯಾಗಿರುತ್ತವೆ, ದ್ರವ ಮುಟ್ಟಿದ ಕಡೆಯ ಬಣ್ಣ ಸುಕ್ಕಾಗಿ ಏಳುತ್ತದೆ. ಸ್ಲೇವಿನಿಂದ ಸೋರಿದರೆ ಅದರ ಬಾಯಿಗೆ ತೊಡಿಸಿದ ರಬ್ಬರಿನ ಟೊಪ್ಪಿಗೆಯನ್ನು ಬೆರಳಿನಿಂದ ಹಿಂದಕ್ಕೆ ಸರಿಸಿದಾಗ ಕಪ್ಪು ಕೆಸರಿನಂಥ ದ್ರವ ತೊಟ್ಟಿಕ್ಕುತ್ತದೆ. ಮಟ್ಟ ಇಳಿದಿಲ್ಲದಿದ್ದರೆ ಪತ್ತೆ ಹೆಚ್ಚು ನಾಜೂಕಾಗುತ್ತದೆ. ಪೆಡಲನ್ನು ಎರಡು ಮೂರು ಸಲ ಬೇಗಬೇಗ ಒತ್ತಿದಾಗ ಅದು ಮೇಲೆ ಬಂದು ಗಟ್ಟಿಯಾದರೆ ಗಾಳಿ ಸೇರಿರಬಹುದು. ಗಟ್ಟಿಯಾದ ಪೆಡಲನ್ನು ಹಾಗೆಯೇ ಒತ್ತಿ ಹಿಡಿದಾಗ ಅದು ಮೆಲ್ಲನೆ ಜಾರುತ್ತ ನೆಲಕ್ಕಿಳಿದರೆ, ಮಾಸ್ಟರಿನೊಳಗೆ ಪಿಸ್ಟನಿನ ಮುಂದಿರುವ ಬಟ್ಟಲಿನಾಕಾರದ ರಬ್ಬರು ಸವೆದು ದ್ರವ ಅದರ ಅಂಚಿನಿಂದ ಹಿಂದಕ್ಕೆ ನುಸುಳುತ್ತಿದೆ, ಹೊರಗೆ ಒಂದು ಹನಿಯೂ ಕಾಣದಿರುವುದು ಅದಕ್ಕಾಗಿಯೇ. ಮೂರನೆಯ ಪರೀಕ್ಷೆಗೆ ಇಬ್ಬರು ಬೇಕು: ಒಬ್ಬ ಪೆಡಲು ಒತ್ತುತ್ತಾನೆ, ಇನ್ನೊಬ್ಬ ಕಾರಿನಡಿ ಮಲಗಿ ಸ್ಲೇವಿನ ಸರಳು ಎಷ್ಟು ಚಲಿಸಿತೆಂದು ನೋಡುತ್ತಾನೆ. ಸರಳು ತನ್ನ ಪೂರ್ತಿ ದೂರ ಚಲಿಸಿಯೂ ಗೇರು ಬೀಳದಿದ್ದರೆ ಹೈಡ್ರಾಲಿಕ್ ಭಾಗ ನಿರಪರಾಧಿ, ದೋಷ ಇರುವುದು ಒಳಗಿನ ಕವೆಯಲ್ಲೋ ಬೇರಿಂಗಿನಲ್ಲೋ ಫ್ಲೈವೀಲಿಗೆ ತುಕ್ಕಿನಿಂದ ಅಂಟಿಕೊಂಡ ಪ್ಲೇಟಿನಲ್ಲೋ. ಗೇರ್‌ಬಾಕ್ಸ್ ಇಳಿಸುವ ಒಂದು ದಿನದ ದುಡಿಮೆ ಬೇಕೇ ಬೇಡವೇ ಎಂಬುದು ಈ ಒಂದು ನೋಟದಲ್ಲಿ ತೀರ್ಮಾನವಾಗುತ್ತದೆ. ಇದನ್ನು ಮಾಡದೆ ನೇರವಾಗಿ ಕ್ಲಚ್ ಪ್ಲೇಟಿನ ಮೇಲೆ ಆರೋಪ ಹೊರಿಸುವವನು ಕಸುಬು ಕಲಿತವನಲ್ಲ.

ಇದಕ್ಕೆ ವಿರುದ್ಧವಾದ ದೋಷವೊಂದಿದೆ: ಕ್ಲಚ್ ಬಿಡಿಸಿಕೊಂಡದ್ದು ಮತ್ತೆ ಪೂರ್ತಿ ಕೂಡಿಕೊಳ್ಳದೆ ಜಾರುವುದು. ಪ್ಲೇಟು ಸವೆದರೂ ಹೀಗಾಗುತ್ತದೆ, ಆದರೆ ಹಳೆಯ ರಬ್ಬರ್ ಹೋಸ್ ಒಳಗೊಳಗೇ ಊದಿ, ದ್ರವವನ್ನು ಹೋಗಲು ಬಿಟ್ಟು ಹಿಂತಿರುಗಲು ಬಿಡದಿದ್ದಾಗಲೂ ಹೀಗೆಯೇ ಆಗುತ್ತದೆ. ಅಂಥ ಸಮಯದಲ್ಲಿ ಸ್ಲೇವಿನ ನಿಪ್ಪಲನ್ನು ಅರ್ಧ ಸುತ್ತು ಸಡಿಲಿಸಿದರೆ ಸಿಕ್ಕಿಕೊಂಡಿದ್ದ ದ್ರವ ಚಿಮ್ಮಿ, ಕ್ಲಚ್ ಆ ಕ್ಷಣವೇ ಕೂಡಿಕೊಳ್ಳುತ್ತದೆ. ನಿಪ್ಪಲ್ ಎಂದರೆ ಗಾಳಿ ಹೊರಬಿಡಲು ಇಟ್ಟ ಚಿಕ್ಕ ತಿರುಪು. ಮಾಸ್ಟರಿನಲ್ಲಿ ದ್ರವ ಡಬ್ಬಿಗೆ ಮರಳಲು ಇರುವ ಸೂಜಿಮೊನೆಯಷ್ಟು ಕಿರಿದಾದ ರಂಧ್ರ ಕಸದಿಂದ ಮುಚ್ಚಿದರೂ ಲಕ್ಷಣ ಇದೇ.

ದುರಸ್ತಿಯ ಕೆಲಸದಲ್ಲಿ ಸಿಲಿಂಡರನ್ನು ಬಿಚ್ಚಿ, ಒಳಮೈಯನ್ನು ಬಟ್ಟೆಯಿಂದ ಒರೆಸಿ, ಬೆಳಕಿಗೆ ಹಿಡಿದು ನೋಡುವುದು ಮೊದಲ ಹೆಜ್ಜೆ. ಮೈ ನುಣುಪಾಗಿದ್ದರೆ ಕಿಟ್ ಸಾಕು; ಕಿಟ್ ಎಂದರೆ ಒಂದು ಸಿಲಿಂಡರಿಗೆ ಬೇಕಾದ ರಬ್ಬರುಗಳೆಲ್ಲ ಇರುವ ಪೊಟ್ಟಣ. ಭಾಗಗಳನ್ನು ಪೆಟ್ರೋಲಿನಲ್ಲಿಯೂ ಸೀಮೆಎಣ್ಣೆಯಲ್ಲಿಯೂ ತೊಳೆಯದೆ ಬ್ರೇಕ್ ದ್ರವದಲ್ಲಿಯೇ ತೊಳೆಯಬೇಕೆಂಬುದು ಉಸ್ತಾದರು ಹುಡುಗರಿಗೆ ಹೇಳಿಕೊಡುವ ಮೊದಲ ಪಾಠ, ಏಕೆಂದರೆ ಖನಿಜ ತೈಲದ ಲೇಪ ಉಳಿದರೂ ಹೊಸ ರಬ್ಬರು ಕೆಡುತ್ತದೆ. ಮೈಯಲ್ಲಿ ಸಣ್ಣ ಗೀರುಗಳಿದ್ದರೆ ನಯವಾದ ಎಮರಿ ಕಾಗದದಿಂದ ಉಜ್ಜಿ ಸರಿಮಾಡುತ್ತಾರೆ. ಗುಂಡಿ ಆಳವಾಗಿದ್ದರೆ ಸಿಲಿಂಡರು ಖರಾದಿಗೆ, ಅಂದರೆ ಲೇತ್ ಅಂಗಡಿಗೆ ಹೋಗುತ್ತದೆ. ಅಲ್ಲಿ ಕೊರೆತವನ್ನು ದೊಡ್ಡದು ಮಾಡಿ, ಹಿತ್ತಾಳೆಯ ಅಥವಾ ಸ್ಟೀಲಿನ ತೆಳುವಾದ ತೋಳನ್ನು ಬಿಗಿಯಾಗಿ ಕೂರಿಸಿ, ಮತ್ತೆ ಮೂಲ ಅಳತೆಗೆ ಕೊರೆಯುತ್ತಾರೆ. ತುಕ್ಕು ಹಿಡಿಯದ ಲೋಹದ ತೋಳು ಕಾರ್ಖಾನೆಯಿಂದ ಬಂದ ಎರಕದ ಮೈಗಿಂತಲೂ ಹೆಚ್ಚು ಬಾಳುತ್ತದೆ. ಇಂಥ ಕೆಲಸವನ್ನು ಜುಗಾಡ್ ಎಂಬ ಪದದಿಂದ ಕರೆಯುವುದು ಇತ್ತೀಚಿನ ರೂಢಿ. ಕೈಗೆ ಸಿಕ್ಕಿದ್ದರಿಂದ ಹೇಗೋ ನಡೆಸಿಕೊಳ್ಳುವುದಕ್ಕೆ ಆ ಪದ ಸರಿ, ಕೂದಲೆಳೆಯ ಅಳತೆಯಲ್ಲಿ ನಡೆಯುವ ಈ ಕೌಶಲಕ್ಕೆ ಅದು ಸಲ್ಲದು.

ಜೋಡಣೆಯಾದ ಮೇಲೆ ಉಳಿಯುವುದು ಗಾಳಿ ತೆಗೆಯುವ ಕೆಲಸ. ಸ್ಲೇವಿನ ನಿಪ್ಪಲಿಗೆ ಪಾರದರ್ಶಕ ಕೊಳವೆ ಸಿಕ್ಕಿಸಿ, ಅದರ ಇನ್ನೊಂದು ತುದಿಯನ್ನು ದ್ರವ ತುಂಬಿದ ಗಾಜಿನ ಶೀಶೆಯಲ್ಲಿ ಮುಳುಗಿಸಲಾಗುತ್ತದೆ. ಕಾರಿನಡಿಯಿಂದ ಮಿಸ್ತ್ರಿ ‘ದಬಾ’ ಎನ್ನುತ್ತಾನೆ, ಮೇಲಿನ ಹುಡುಗ ಪೆಡಲು ಒತ್ತಿ ಹಿಡಿಯುತ್ತಾನೆ, ನಿಪ್ಪಲ್ ಸಡಿಲಗೊಂಡು ಶೀಶೆಯಲ್ಲಿ ಗುಳ್ಳೆಗಳು ಏಳುತ್ತವೆ, ನಿಪ್ಪಲ್ ಬಿಗಿದ ಮೇಲಷ್ಟೇ ‘ಛೋಡ್’ ಎಂಬ ಮಾತು ಬರುತ್ತದೆ. ಬಿಗಿಯುವ ಮೊದಲು ಕಾಲು ತೆಗೆದರೆ ಹೊರಹೋದ ಗಾಳಿ ಒಳಗೆ ಮರಳುತ್ತದೆ. ಡಬ್ಬಿಯ ದ್ರವ ತಳ ಕಂಡರೆ ಮೇಲಿನಿಂದ ಹೊಸ ಗಾಳಿ ಸೇರಿ ಮೊದಲಿನಿಂದ ಆರಂಭಿಸಬೇಕಾಗುತ್ತದೆ. ಕರ್ನಾಟಕದ ಗ್ಯಾರೇಜುಗಳಲ್ಲಿ ಇದೇ ಕೆಲಸ ‘ಒತ್ತು’, ‘ಬಿಡು’ ಎಂಬ ಎರಡು ಮಾತಿನಲ್ಲಿ ನಡೆಯುತ್ತದೆ.

1980ರ ದಶಕದಲ್ಲಿ ಈ ಕಸುಬಿಗೆ ಮೊದಲ ಪೆಟ್ಟು ಬಿದ್ದದ್ದು ದೆಹಲಿಯ ಅಂಚಿನಿಂದಲೇ. 1981ರಲ್ಲಿ ಸ್ಥಾಪನೆಯಾದ ಮಾರುತಿ ಉದ್ಯೋಗ್ ಸುಝುಕಿಯೊಂದಿಗೆ ಸೇರಿ ಗುಡಗಾಂವ್‌ನಲ್ಲಿ ತಯಾರಿಸಿದ ಮಾರುತಿ 800, 1983ರ ಡಿಸೆಂಬರ್ 14ರಂದು ಮೊದಲ ಗ್ರಾಹಕನ ಕೈ ಸೇರಿತು, ಅದರ ಕ್ಲಚ್ ಕೇಬಲಿನದು. ಕೇಬಲ್ ಹರಿದರೆ ಅಗ್ಗದ ಹೊಸ ಕೇಬಲ್ ಹಾಕಿ ಅರ್ಧ ಗಂಟೆಯಲ್ಲಿ ಕಾರು ಕಳಿಸಬಹುದು, ಪತ್ತೆಗೆ ವಿದ್ಯೆ ಬೇಕಿಲ್ಲ. ಹೈಡ್ರಾಲಿಕ್ ಕ್ಲಚ್ ಬಲ್ಲವರಿಗೆ ಅಂಬಾಸಿಡರ್ ಟ್ಯಾಕ್ಸಿಗಳೂ ಭಾರದ ವಾಹನಗಳೂ ಆಸರೆಯಾಗಿ ಉಳಿದವು; 2000ದಲ್ಲಿ ಬೆಂಗಳೂರಿನ ಬಳಿಯ ಬಿಡದಿಯಿಂದ ಬಂದ ಟೊಯೋಟಾ ಕ್ವಾಲಿಸ್‌ನಂಥ ಹೈಡ್ರಾಲಿಕ್ ಕ್ಲಚ್ಚಿನ ದೊಡ್ಡ ಕಾರುಗಳು ಬಾಡಿಗೆಗೆ ಓಡತೊಡಗಿದಾಗ ಕೆಲಸ ಸ್ವಲ್ಪ ಮರಳಿತು.

ಹೊಸದಾಗಿ ಸಿಗದ ಸಿಲಿಂಡರುಗಳಿಗೆ ಆಕರವಾಗಿದ್ದದ್ದು ಪಶ್ಚಿಮ ದೆಹಲಿಯ ಮಾಯಾಪುರಿ. ಮೊದಲು ಮೋತಿಯಾ ಖಾನ್‌ನಲ್ಲಿದ್ದ ಗುಜರಿ ವ್ಯಾಪಾರಿಗಳನ್ನು 1970ರ ದಶಕದಲ್ಲಿ ಅಲ್ಲಿಗೆ ಕಳಿಸಲಾಯಿತು. ಒಡೆದ ಕಾರುಗಳ ಗೇರ್‌ಬಾಕ್ಸ್‌ಗಳ ರಾಶಿಯಲ್ಲಿ ಸ್ಲೇವ್ ಸಿಲಿಂಡರನ್ನು ಹುಡುಕಿ ತರುವುದು ಮಿಸ್ತ್ರಿಗಳ ವಾರದ ಕೆಲಸವಾಗಿತ್ತು. 2010ರ ಏಪ್ರಿಲ್‌ನಲ್ಲಿ ವಿಶ್ವವಿದ್ಯಾಲಯವೊಂದು ಹರಾಜಿಗೆ ಹಾಕಿದ ಹಳೆಯ ಉಪಕರಣದೊಳಗಿನ ಕೋಬಾಲ್ಟ್–60 ಇದೇ ಗುಜರಿಯಲ್ಲಿ ಬಿಚ್ಚಿಕೊಂಡು ಒಬ್ಬ ಕಾರ್ಮಿಕ ಸತ್ತನು, ಹಲವರು ವಿಕಿರಣದಿಂದ ನರಳಿದರು. ನಗರ ಬಿಸಾಡಿದ್ದನ್ನು ಬರಿಗೈಯಲ್ಲಿ ಬಿಚ್ಚುವವರು ಯಾವ ರಕ್ಷಣೆಯೂ ಇಲ್ಲದೆ ದುಡಿಯುತ್ತಿದ್ದರೆಂಬುದು ದೇಶಕ್ಕೆ ತಿಳಿದದ್ದು ಆ ಸಾವಿನಿಂದ.

ಎರಡನೆಯ ಪೆಟ್ಟು, ಹೆಚ್ಚು ನಿರ್ಣಾಯಕವಾದದ್ದು, ನ್ಯಾಯಾಲಯಗಳಿಂದ ಬಂತು. ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯು 2014ರ ನವೆಂಬರ್‌ನಲ್ಲಿ 15 ವರ್ಷ ಮೀರಿದ ವಾಹನಗಳನ್ನೂ 2015ರ ಏಪ್ರಿಲ್‌ನಲ್ಲಿ 10 ವರ್ಷ ಮೀರಿದ ಡೀಸೆಲ್ ವಾಹನಗಳನ್ನೂ ರಾಜಧಾನಿ ವಲಯದ ರಸ್ತೆಯಿಂದ ದೂರವಿಡಲು ಆದೇಶಿಸಿತು. 2018ರ ಅಕ್ಟೋಬರ್ 29ರಂದು ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು. 2025ರ ಆಗಸ್ಟ್‌ನಲ್ಲಿ ಅದೇ ಕೋರ್ಟ್ ಇಂಥ ವಾಹನಗಳ ಮಾಲೀಕರ ಮೇಲೆ ಬಲವಂತದ ಕ್ರಮ ಬೇಡವೆಂದಿತಾದರೂ, ಡಿಸೆಂಬರ್‌ನಲ್ಲಿ ಆ ರಕ್ಷಣೆಯನ್ನು ಬಿಎಸ್–4 ಎಂಬ ಹೊಗೆ ಮಾನದಂಡದ ಮತ್ತು ಅದರ ನಂತರದ ವಾಹನಗಳಿಗೆ ಮಾತ್ರ ಸೀಮಿತಗೊಳಿಸಿತು. ದೆಹಲಿಯ ಚಳಿಗಾಲದ ಗಾಳಿಯನ್ನು ಉಸಿರಾಡಿದವರು ಈ ಆದೇಶಗಳ ಉದ್ದೇಶವನ್ನು ಪ್ರಶ್ನಿಸಲಾರರು. ಆದರೆ ವಯಸ್ಸನ್ನು ಮಾತ್ರ ಅಳೆಯುವ ನಿಯಮದ ಮುಂದೆ, ಪ್ರೀತಿಯಿಂದ ಕಾಪಾಡಿದ ಕಾರೂ ಹೊಗೆ ಕಾರುವ ಕಾರೂ ಒಂದೇ ಆಗುತ್ತವೆ, ದುರಸ್ತಿಗೆ ಬೆಲೆ ಉಳಿಯುವುದಿಲ್ಲ. 50 ವರ್ಷ ದಾಟಿದ ಕಾರುಗಳಿಗೆ ವಿಂಟೇಜ್ ಎಂಬ ನೋಂದಣಿಯನ್ನು 2021ರಲ್ಲಿ ಕೊಡಲಾಯಿತು. 15ಕ್ಕೂ 50ಕ್ಕೂ ನಡುವಿನ 35 ವರ್ಷಗಳನ್ನು ಒಂದು ಕಾರು ದೆಹಲಿಯಲ್ಲಿ ಎಲ್ಲಿ ಕಳೆಯಬೇಕೆಂಬುದಕ್ಕೆ ಆ ನಿಯಮದಲ್ಲಿ ಉತ್ತರವಿಲ್ಲ. ಕೆಲವು ಕಾರುಗಳು ಗುಜರಿಗೆ ಹೋದವು, ಹಲವು ನಿರಾಕ್ಷೇಪಣಾ ಪತ್ರ ಹಿಡಿದು ಬೇರೆ ರಾಜ್ಯಗಳಿಗೆ ಹೋದವು, ಅವುಗಳ ಸಿಲಿಂಡರು ಬಲ್ಲ ಮಿಸ್ತ್ರಿಗಳು ಮಾತ್ರ ದೆಹಲಿಯಲ್ಲಿಯೇ ಉಳಿದರು.

ಈಚಿನ ಅನೇಕ ಕಾರುಗಳಲ್ಲಿ ಸ್ಲೇವ್ ಸಿಲಿಂಡರು ಬೇರಿಂಗಿನೊಡನೆ ಒಂದಾಗಿ ಗೇರ್‌ಬಾಕ್ಸಿನ ಒಳಗೇ ಕುಳಿತಿರುತ್ತದೆ. ಅದು ಸೋರಿದರೆ ಗೇರ್‌ಬಾಕ್ಸ್ ಇಳಿಸಲೇಬೇಕು, ಇಳಿಸಿದ ಮೇಲೆ ಇಡೀ ಭಾಗವನ್ನು ಎಸೆದು ಹೊಸದನ್ನು ಹಾಕಬೇಕು. ಬಹುಮಟ್ಟಿಗೆ ಪ್ಲಾಸ್ಟಿಕ್ಕಿನದಾದ ಅದಕ್ಕೆ ಕಿಟ್ಟೂ ಇಲ್ಲ, ತೋಳು ಹಾಕಲು ಮೈಯೂ ಇಲ್ಲ. ಗುಡಗಾಂವ್‌ನಿಂದ ತಾವಡೂ ಕಡೆಗೆ ಹೋಗುವ ದಾರಿಯಲ್ಲಿ 2013ರಲ್ಲಿ ತೆರೆದ ಹೆರಿಟೇಜ್ ಟ್ರಾನ್ಸ್‌ಪೋರ್ಟ್ ಮ್ಯೂಸಿಯಂ ಹಳೆಯ ವಾಹನಗಳನ್ನು ಅಂದವಾಗಿ ಕಾಪಾಡಿದೆ. ಅವುಗಳನ್ನು ಓಡಿಸಿಟ್ಟ ಕೈಗಳ ವಿದ್ಯೆಯೂ ಅಷ್ಟೇ ಅಕ್ಕರೆಯಿಂದ ದಾಖಲಾಗಬೇಕು, ಕಾಶ್ಮೀರಿ ಗೇಟಿನಲ್ಲಿಯೂ, ನಮ್ಮ ಜೆ.ಸಿ. ರಸ್ತೆಯಲ್ಲಿಯೂ, ಬಲ್ಲವರು ಇನ್ನೂ ಇರುವಾಗಲೇ. ಹಳೆಯ ಕಾರನ್ನು ಇಟ್ಟುಕೊಂಡಿರುವ ಓದುಗರು ಎರಡು ವರ್ಷಕ್ಕೊಮ್ಮೆ ಕ್ಲಚ್ಚಿನ ದ್ರವವನ್ನು ಪೂರ್ತಿ ಬದಲಾಯಿಸಲಿ, ಹೊಸ ಸಿಲಿಂಡರು ಹಾಕಿಸಿದರೂ ಬಿಚ್ಚಿದ ಹಳೆಯದನ್ನು ಗುಜರಿಗೆ ಕೊಡದಿರಲಿ. ಎರಕದ ಒಡಲು ಉಳಿದಿದ್ದರೆ ತೋಳು ಹಾಕಿಸಬಹುದು.